ಖಾಲಿ ಗಾಡಿ

ಸಿಂಧನೂರು ತಾಲ್ಲೂಕಿನಲ್ಲಿ ಮೋಟರ್‌ಸೈಕಲ್ ಮೇಲೆ ಬರೀ ಮನುಷ್ಯ ಕೂತು ಹೋದರೆ ಜನ ತಿರುಗಿ ನೋಡುತ್ತಾರೆ. ಎಲ್ಲೋ ಏನೋ ಅನಾಹುತವಾಗಿದೆ, ಇಲ್ಲಾ ಯಾರದೋ ಹೆಣ್ಣು ನೋಡಲು ಹೊರಟಿದ್ದಾನೆ ಎಂದುಕೊಳ್ಳುತ್ತಾರೆ. ಇಲ್ಲಿ ಗಾಡಿ ಇರುವುದು ಹೇರಲಿಕ್ಕೆ. ಯೂರಿಯಾ ಚೀಲ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಕಾಲುವೆಗೆ ಇಳಿಸುವ ಪಂಪು, ಎಣ್ಣೆ ಹೊಡೆಯುವ ಡಬ್ಬಿ, ಎರಡು ಆಡು, ಆ ಎರಡರ ನಡುವೆ ಒಬ್ಬ ಮೊಮ್ಮಗ. ಹೆಂಡತಿ ಹಿಂದೆ ಕೂತರೆ ಆಕೆಯ ತೊಡೆಯ ಮೇಲಾದರೂ ಒಂದು ಗಂಟು ಇರಲೇಬೇಕು. ಏನೂ ಇಲ್ಲದೆ ಹೊರಟವನನ್ನು ದಾರಿಯಲ್ಲಿ ಯಾರಾದರೂ ನಿಲ್ಲಿಸಿ, ‘ಖಾಲಿನ ಹೊಂಟೀಯಲ್ಲ, ಈ ಚೀಲ ಒಂದು ಕಾರಟಗಿಗೆ ಮುಟ್ಟಿಸಿಬಿಡು’ ಎನ್ನುತ್ತಾರೆ. ಇಲ್ಲ ಎಂದವನನ್ನು ನಾನಿನ್ನೂ ಕಂಡಿಲ್ಲ.

ಇದಕ್ಕೆಲ್ಲ ಕಾಲುವೆಯೇ ಕಾರಣ. 1953ರಲ್ಲಿ ತುಂಗಭದ್ರಾ ಡ್ಯಾಂ ಆಯಿತು. ಎಡದಂಡೆ ಕಾಲುವೆಯ ನೀರು ಎರೆ ಹೊಲಕ್ಕೆ ಇಳಿದ ಮೇಲೆ ಜೋಳ ಹಿಂದೆ ಸರಿದು ನೆಲ್ಲು ಬಂತು. ನೆಲ್ಲಿನ ವಾಸನೆ ಹಿಡಿದು ಆಂಧ್ರದ ರೈತರು ಬಂದು ಹೊಲಹೊಲದ ನಡುವೆ ಕ್ಯಾಂಪು ಕಟ್ಟಿದರು. ಎಪ್ಪತ್ತರ ದಶಕದ ಆಸುಪಾಸಿನಲ್ಲಿ ಸರ್ಕಾರ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನು ಕರೆತಂದು, ಜಮೀನು ಕೊಟ್ಟು ನೆಲೆ ನಿಲ್ಲಿಸಿತು. ಅವೇ ಆರ್.ಎಚ್. ಕ್ಯಾಂಪುಗಳು. ಹೆಸರಿಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಒಂದು, ಎರಡು, ಮೂರು ಎಂದು ನಂಬರು ಹಾಕಿದರು. ಹೀಗಾಗಿ ನಮ್ಮ ಕಡೆ ಮದುವೆ ಸಂಬಂಧ ಕೇಳುವಾಗ ಮೊದಲು ಮನೆತನ ಕೇಳುವುದಿಲ್ಲ, ‘ಯಾವ ನಂಬರ್ ಕ್ಯಾಂಪು’ ಎಂದು ಕೇಳುತ್ತಾರೆ.

ಅಂಥ ಒಂದು ಕ್ಯಾಂಪಿನ ಶಾಲೆಯಲ್ಲಿ ನಾನು ಬಹಳ ವರ್ಷ ಕನ್ನಡ ಮೇಷ್ಟ್ರಾಗಿದ್ದೆ. ಬಂಗಾಳಿ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದೆ. ಅವರ ಮನೆಯವರು ನನಗೆ ಮುಳ್ಳು ಬಿಡಿಸಿ ಮೀನು ತಿನ್ನುವುದನ್ನು ಕಲಿಸಿದರು. ಲೆಕ್ಕ ಚುಕ್ತಾ. ಗಾಡಿ ಹೊಡೆಯುವುದನ್ನು ಮಾತ್ರ ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ನಾನು ಹುಟ್ಟಾ ಹಿಂದಿನ ಸೀಟಿನವ. ಹಿಂದೆ ಕೂತವನಿಗೆ ದಾರಿ ಕಾಣುವುದಿಲ್ಲ, ಮುಂದಿನವನ ಕುತ್ತಿಗೆ ಕಾಣುತ್ತದೆ. ಆದರೆ ಎಡಬಲ ಧಾರಾಳವಾಗಿ ಕಾಣುತ್ತದೆ. ಈ ಬರಹದಲ್ಲಿ ದಾರಿಗಿಂತ ಪಕ್ಕದ ಸಂಗತಿಗಳೇ ಹೆಚ್ಚಾದರೆ ಅದಕ್ಕೆ ಸೀಟು ಹೊಣೆ.

ಗೋವಾದ ಮಾತು ತಂದವನು ಗ್ಯಾರೇಜಿನ ನನ್ನ ಹಳೆಯ ವಿದ್ಯಾರ್ಥಿ.

‘ಸರ, ಗೋವಾಕ್ಕ ಹೊಂಟೀವ್ರಿ. ನೀವೂ ಬರ್ರಿ.’

‘ಏನೈತೋ ಅಲ್ಲಿ?’

‘ಗಾಡಿ ಅದಾವಂತ್ರಿ.’

‘ಗಾಡಿ ಇಲ್ಲೂ ಅದಾವಲ್ಲೋ.’

‘ಅಲ್ಲಿ ಬರೇ ನೋಡಾಕ ಇಟ್ಟಿರ್ತಾರಂತ್ರಿ. ಏನೂ ಹೇರಂಗಿಲ್ಲಂತ.’

ಅವನ ಕಣ್ಣಲ್ಲಿ ಆಗ ಕಂಡ ಬೆರಗನ್ನು ನಾನು ಪಾಠ ಮಾಡುವಾಗ ಒಮ್ಮೆಯೂ ಕಂಡಿರಲಿಲ್ಲ.

ಅವನು ಹೇಳಿದ್ದು ಇಂಡಿಯಾ ಬೈಕ್ ವೀಕ್ ಎಂಬ ಕೂಟದ ಸುದ್ದಿ. 2013ರಲ್ಲಿ ಗೋವಾದಲ್ಲಿ ಶುರುವಾದದ್ದು. ಹೆಸರಿನಲ್ಲಿ ವಾರ ಇದೆ, ನಡೆಯುವುದು ಎರಡೇ ದಿನ. ಶ್ರೀಮಂತರ ವಾರ ಅಷ್ಟೇ ಇರುತ್ತದೋ ಏನೋ. ಬುಲೆಟ್ಟಿನವರದು ಬೇರೆಯೇ ಒಂದಿದೆ, ರೈಡರ್ ಮೇನಿಯಾ ಎಂದು. 2023ರಿಂದ ಅದಕ್ಕೆ ಮೋಟೋವರ್ಸ್ ಎಂದು ಹೆಸರು ಬದಲಿಸಿದ್ದಾರೆ. ಅದು ಒಂದೇ ಕಂಪನಿಯ ಮನೆಯವರ ಹಬ್ಬ. ನಮ್ಮ ತಂಡದಲ್ಲಿ ನಾಲ್ಕು ಗಾಡಿಗೆ ನಾಲ್ಕು ಕುಲವಿದ್ದದ್ದರಿಂದ ಎಲ್ಲರನ್ನೂ ಒಳಗೆ ಬಿಡುವ ಬೈಕ್ ವೀಕೇ ನಮಗೆ ಗತಿ.

ಹುಡುಗರ ಹೆಸರು ಬರೆದರೆ ಬೇಜಾರು ಮಾಡಿಕೊಳ್ಳುತ್ತಾರೆ. ಹುಡುಗರೆಂದರೆ ನನ್ನ ಲೆಕ್ಕದಲ್ಲಿ. ಅವರ ಮಕ್ಕಳು ಆಗಲೇ ಹೈಸ್ಕೂಲು ದಾಟಿದ್ದರು. ಗಾಡಿಯ ಹೆಸರಿನಲ್ಲೇ ಕರೆಯುತ್ತೇನೆ.

ಗ್ಯಾರೇಜಿನವನು ಯಜ್ಡಿ. ಆಂಧ್ರ ಕ್ಯಾಂಪಿನವನು, ಮನೆಮಾತು ತೆಲುಗು. ಅವನ ಹತ್ತಿರ ಅಪ್ಪನ ಕಾಲದ ರೋಡ್‌ಕಿಂಗ್ ಇತ್ತು. ಇರಾನಿ ಮನೆತನದವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹಾಕಿ, 1996ರಲ್ಲಿ ಬಾಗಿಲು ಹಾಕುವ ತನಕ ಮಾಡಿದ ಗಾಡಿಗಳ ವಂಶ ಅದು. ಅದರ ಮಜಾ ಏನೆಂದರೆ ಕಿಕ್ ಹೊಡೆಯುವ ಸಲಾಕೆಯನ್ನೇ ಒಳಗೆ ಒತ್ತಿ ಮುಂದಕ್ಕೆ ತಿರುವಿದರೆ ಅದೇ ಗೇರಾಗುತ್ತದೆ. ಒಂದೇ ಕೋಲಿನಲ್ಲಿ ಎಬ್ಬಿಸುವುದೂ ಆಯಿತು, ಓಡಿಸುವುದೂ ಆಯಿತು. ಶಾಲೆಯಲ್ಲಿ ನನ್ನ ಪದ್ಧತಿಯೂ ಹೆಚ್ಚುಕಡಿಮೆ ಅದೇ ಇತ್ತು. ನನಗೆ ಸಿಕ್ಕಿದ್ದು ಇದರ ಹಿಂದಿನ ಸೀಟು.

ಬುಲೆಟ್ ಲಿಂಗಸುಗೂರಿನವನು, ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ. ನೆಲದೊಳಗೆ ಪಾಳಿ ಮುಗಿಸಿ ಮೇಲೆ ಬಂದವನಿಗೆ ಗಾಳಿ ಬೇಕೆನಿಸಿ ಗಾಡಿ ಕೊಂಡನಂತೆ. ಅವನ ಮಾತು ನಂಬಬೇಕು. ಹೊಸ ಗಾಡಿ, ಬಟನ್ ಒತ್ತಿದರೆ ಶುರು. ಯಜ್ಡಿಗೆ ಇದರ ಮೇಲೆ ಭಾರೀ ತಿರಸ್ಕಾರ. ಬಲಗಾಲಿನಲ್ಲಿ ಗೇರು ಇಲ್ಲದ ಬುಲೆಟ್ ಬುಲೆಟ್ಟೇ ಅಲ್ಲ ಎಂದು ದಾರಿಯುದ್ದಕ್ಕೂ ಹೇಳಿದ.

ಸ್ಪ್ಲೆಂಡರ್ ಮಸ್ಕಿಯ ಗೊಬ್ಬರದ ಅಂಗಡಿಯವನು. ಮಸ್ಕಿ ಎಂದರೆ ಅವನಿಗೆ ಎರಡೇ ವಿಷಯ: ಯೂರಿಯಾ ಮತ್ತು ಅಶೋಕ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನ ಹುಡುಕಿಕೊಂಡು ಬಂದು ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಶಾಸನ ಕಂಡ. ಅದುವರೆಗೆ ದೇವಾನಾಂಪ್ರಿಯ ಎಂದಷ್ಟೇ ಓದಿಕೊಂಡು ಬಂದಿದ್ದ ರಾಜನ ಹೆಸರು ಅಶೋಕ ಎಂದು ಆ ಬಂಡೆ ಬಿಚ್ಚಿ ಹೇಳಿತು. ‘ಚಿನ್ನಕ್ಕ ಹೋದಂವಗ ಅಶೋಕ ಸಿಕ್ಕ ನೋಡ್ರಿ ಸರ. ನಮಗೂ ಗೋವಾದಾಗ ಏನರ ಸಿಗತೈತಿ’ ಎಂದು ಅವನ ನಂಬಿಕೆ.

ನಾಲ್ಕನೆಯವನು ಎಕ್ಸೆಲ್. ಆರ್.ಎಚ್. ಕ್ಯಾಂಪಿನ ಬಂಗಾಳಿ, ಮೀನಿನ ವ್ಯಾಪಾರ. ಟಿ.ವಿ.ಎಸ್. ಎಕ್ಸೆಲ್ ಹಿಂದೆ ಡಬ್ಬ ಕಟ್ಟಿಕೊಂಡು ಕೆರೆಯ ರೋಹು, ಕಾಟ್ಲಾ ಹಾಕಿಕೊಂಡು ಸುತ್ತಿನ ಹಳ್ಳಿಗಳಲ್ಲಿ ಮಾರುತ್ತಾನೆ. 1980ರಲ್ಲಿ ಹೊಸೂರಿನಲ್ಲಿ ಟಿ.ವಿ.ಎಸ್. ಫಿಫ್ಟಿ ಹುಟ್ಟಿದಾಗ, ಅದರ ಕುಲದ ಕುಡಿಯೊಂದು ಹಾರ್ಲೆಗಳ ನಡುವೆ ಹೋಗಿ ನಿಲ್ಲುತ್ತದೆಂದು ಅದನ್ನು ಮಾಡಿದವರೂ ಎಣಿಸಿರಲಿಕ್ಕಿಲ್ಲ. ‘ಇದನ್ನ ತಗೊಂಡು ಗೋವಾಕ್ಕ ಬರ್ತೀಯಾ?’ ಎಂದು ಬುಲೆಟ್ ನಕ್ಕ. ‘ಗಾಡಿ ಜಾತ್ರಿ ಅಂದ್ರಲ್ಲ, ಇದೂ ಗಾಡಿನ’ ಎಂದ ಎಕ್ಸೆಲ್. ಈ ವಾದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ.

ಹೊರಡುವ ಹಿಂದಿನ ಸಂಜೆ ನಾವೆಲ್ಲ ಅವನ ಅಂಗಳದಲ್ಲಿ ಸೇರಿದೆವು. ಮೀನಿನ ಡಬ್ಬ ತೊಳೆದು ಬಿಸಿಲಿಗಿಟ್ಟು ಅದರಲ್ಲಿ ಹಾಸಿಗೆ, ಬಟ್ಟೆ, ಪಂಪು, ಟ್ಯೂಬು ತುಂಬುವುದು ನಡೆದಿತ್ತು. ಅವನ ಅಜ್ಜಿ, ಅಪ್ಪನ ತಾಯಿ, ಅವರನ್ನು ಎಲ್ಲರೂ ಠಾಕುಮಾ ಎನ್ನುತ್ತಾರೆ, ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮೊಮ್ಮಗನ ಕಾಲಡಿ ಸಾಸಿವೆ ಚೆಲ್ಲಿದೆ, ಒಂದು ಕಡೆ ನಿಲ್ಲುವವನಲ್ಲ ಎಂದು ಬಂಗಾಳಿಯಲ್ಲಿ ಬೈದದ್ದು ನನಗೂ ತಿಳಿಯಿತು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು:

‘ಮಾಸ್ತರ, ಅಲ್ಲಿ ಏನು ಮಾರತೀರಿ?’

‘ಏನೂ ಇಲ್ಲಮ್ಮ.’

‘ಏನು ತರತೀರಿ?’

‘ಏನೂ ಇಲ್ಲ. ಹೋಗೋದು, ನೋಡೋದು, ಬರೋದು.’

ಠಾಕುಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರದು ಖುಲ್ನಾ ಕಡೆಯ ಊರು. ಹೊಳೆ, ದೋಣಿ, ಅಡಿಕೆ ಗಿಡ. 1964ರ ಗಲಭೆಯಲ್ಲಿ ಬಿಟ್ಟು ಹೊರಟದ್ದು. ಗಡಿಯಲ್ಲಿ ಒಂದು ಚೀಟಿ ಕೊಟ್ಟರು. ರಾಯಪುರದ ಹತ್ತಿರದ ಮಾನಾ ಕ್ಯಾಂಪಿನಲ್ಲಿ ಡೇರೆಯೊಳಗೆ ವರ್ಷಗಟ್ಟಲೆ ಇಟ್ಟರು. ಒಂದು ದಿನ ಹೆಸರು ಕರೆದು, ರೈಲು ಹತ್ತಿಸಿ, ಲಾರಿ ಹತ್ತಿಸಿ, ಇಲ್ಲಿ ಕರಿ ಮಣ್ಣಿನ ಬಯಲಿನಲ್ಲಿ ಇಳಿಸಿದರು. ಮೀನು ಕೊಯ್ಯುವ ಈಳಿಗೆಯೊಂದು ಮಾತ್ರ ಅಲ್ಲಿಂದ ಇಲ್ಲಿಯವರೆಗೆ ಬಂದದ್ದು. ಈಗಲೂ ಇದೆ, ಅಲಗು ಸವೆದು ಬೆರಳಗಲ ಉಳಿದಿದೆ.

‘ನಾ ಎಲ್ಲೆಲ್ಲಿಂದ ಹೊಂಟೀನೋ ಒಂದು ಕಡೆಗೂ ತಿರುಗಿ ಹೋಗಿಲ್ಲ’ ಎಂದರು. ‘ನೀವು ತಿರುಗಿ ಬರಾಕಂತನ ಹೊಂಟೀರಿ. ಹೋಗ್ರಿ, ಹೋಗ್ರಿ. ಎಷ್ಟು ಚಲೋ ಅಲ್ಲ?’

ವ್ಯಂಗ್ಯವೋ ಆಶೀರ್ವಾದವೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬಹುದು. ಆದರೆ ಗೋವಾ ಮುಟ್ಟುವ ತನಕ ಆ ಮಾತು ನನ್ನ ಜೊತೆ ಹಿಂದಿನ ಸೀಟಿನಲ್ಲೇ ಕೂತಿತ್ತು. ಅಲ್ಲಿ ಜಾಗ ಮೊದಲೇ ಕಡಿಮೆ.

ಡಿಸೆಂಬರಿನ ನಸುಕಿನಲ್ಲಿ ಹೊರಟೆವು. ಕಟಾವಿನ ಕಾಲ. ರಸ್ತೆಯ ಅರ್ಧಕ್ಕೆ ನೆಲ್ಲು ಒಣಹಾಕಿದ್ದರು, ಇನ್ನರ್ಧಕ್ಕೆ ಕಟಾವಿನ ಮಷಿನ್ನುಗಳು ಬರುತ್ತಿದ್ದವು. ಉಳಿದದ್ದು ನಮಗೆ. ಯಜ್ಡಿಯ ಎರಡು ಸೈಲೆನ್ಸರಿನ ಹೊಗೆಯಲ್ಲಿ ಹಿಂದಿನವರಿಗೆ ನಾನು ಕಾಣುತ್ತಿರಲಿಲ್ಲವಂತೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಯುವ ಗಾಡಿ ಅದು. ದೂರದ ದಾರಿ ಎಂದು ಗ್ಯಾರೇಜಿನ ಯಜಮಾನ ಪ್ರೀತಿಯಿಂದ ಎರಡು ಗುಟುಕು ಹೆಚ್ಚೇ ಹುಯ್ದಿದ್ದ. ಕಾರಟಗಿಯ ರೈಸ್ ಮಿಲ್ಲುಗಳ ಹತ್ತಿರ ಪ್ಲಗ್ಗು ಕಪ್ಪಾಗಿ ನಿಂತಿತು. ಗಂಗಾವತಿಯಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುವ ಹೊತ್ತಿಗೆ ಇನ್ನೊಮ್ಮೆ ಬಿಚ್ಚಿ ಒರೆಸಿದ್ದಾಯಿತು. ಆಮೇಲೆ ಸುಧಾರಿಸಿತು.

ನಮ್ಮ ಮೆರವಣಿಗೆಯ ವೇಗ ಗೊತ್ತುಮಾಡಿದ್ದು ಎಕ್ಸೆಲ್. ಬುಲೆಟ್ ಮುಂದೆ ಹಾರಿಹೋಗಿ ಮುಂದಿನ ಊರಿನ ಚಹಾದಂಗಡಿಯಲ್ಲಿ ಕೂರುತ್ತಿದ್ದ. ನಾವು ಮುಟ್ಟುವ ಹೊತ್ತಿಗೆ ಅವನಿಗೆ ಅಂಗಡಿಯವನ ಸಂಸಾರದ ಕಥೆಯೆಲ್ಲ ಗೊತ್ತಾಗಿರುತ್ತಿತ್ತು. ಎಕ್ಸೆಲ್ ಮಾತ್ರ ತನ್ನ ಪಾಡಿಗೆ, ಹಳ್ಳಿ ಬಂದಾಗಲೆಲ್ಲ ರೂಢಿಯ ಮೇಲೆ ಹಾರ್ನು ಹೊಡೆಯುತ್ತ ಬರುತ್ತಿದ್ದ. ಮುಂದೆ ಭಾನಾಪುರದ ಆಚೆ ಒಬ್ಬಾಕೆ ಪಾತ್ರೆ ಹಿಡಿದು ಮನೆಯಿಂದ ಹೊರಗೆ ಬಂದೂ ಬಂದಳು.

ಕೊಪ್ಪಳದಲ್ಲಿ ಗವಿಮಠದ ಗುಡ್ಡ ಕಾಣುವಲ್ಲಿ ನಿಂತಾಗ ಸ್ಪ್ಲೆಂಡರ್ ಕೇಳಿದ: ‘ಸರ, ನಾವು ಹೊಂಟಿದ್ದು ಇಂಥಾದ್ದ ಜಾತ್ರಿಗೇನ್ರಿ?’ ನನಗೆ ಓದಿದ್ದು ನೆನಪಾಯಿತು. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಸ್ಟರ್ಜಿಸ್ ಎಂಬ ಪುಟ್ಟ ಊರಿದೆ. 1938ರಲ್ಲಿ ಕೆಲವೇ ಮಂದಿ ಸೇರಿ ಅಲ್ಲಿ ಮೋಟರ್‌ಸೈಕಲ್ ಪಂದ್ಯ ನಡೆಸಿದರು. ಈಗ ಪ್ರತಿ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಜನ ಗಾಡಿ ಹತ್ತಿಕೊಂಡು ಅಲ್ಲಿಗೆ ಬರುತ್ತಾರೆ. ಉಳಿದ ವರ್ಷವೆಲ್ಲ ಊರು ಖಾಲಿ ಹೊಡೆಯುತ್ತದೆ. ಇದು ಜಾತ್ರೆಯ ಲಕ್ಷಣವಲ್ಲದೆ ಮತ್ತೇನು? ನಮ್ಮ ತಾಲ್ಲೂಕಿನ ಅಂಬಾಮಠಕ್ಕೆ ಬನದ ಹುಣ್ಣಿಮೆಗೆ ಜನ ಹೀಗೇ ಸೇರುತ್ತಾರೆ. ತೇರು ಒಂದು ಕಡೆ ಇರುತ್ತದೆ, ಮುಕ್ಕಾಲುಪಾಲು ಜನ ಬೆಂಡು ಬತ್ತಾಸು, ಬಳೆ, ತೊಟ್ಟಿಲಿನ ಕಡೆ ಇರುತ್ತಾರೆ. ದೇವರಿಗೂ ಅದು ಗೊತ್ತು. ಆದರೆ ಗವಿಮಠದ ಜನವರಿ ಜಾತ್ರೆಗೆ ಬಂದವರು ಉಂಡೇ ಹೋಗಬೇಕು. ಊರೂರಿನಿಂದ ರೊಟ್ಟಿ ಬಂದು ಬೀಳುತ್ತವೆ, ಮಿರ್ಚಿ ಲಕ್ಷದ ಲೆಕ್ಕದಲ್ಲಿ ಕರಿಯುತ್ತಾರೆ, ದುಡ್ಡು ಕೇಳುವವರಿಲ್ಲ. ಅಷ್ಟು ಮಟ್ಟಿಗೆ ಸ್ಟರ್ಜಿಸ್ ಇನ್ನೂ ಕಲಿಯಬೇಕಾದದ್ದಿದೆ ಎಂದು ಕೊಪ್ಪಳದಲ್ಲೇ ನಾವು ತೀರ್ಮಾನಿಸಿದೆವು.

ಲಕ್ಕುಂಡಿ, ಗದಗ ದಾಟಿ ಪಂಪನ ಅಣ್ಣಿಗೇರಿಯ ಹತ್ತಿರ ಸ್ಪ್ಲೆಂಡರ್ ಪಂಕ್ಚರಾಯಿತು. ಆದಿಕವಿ ಹುಟ್ಟಿದ ನೆಲದಲ್ಲಿ ಮುಳ್ಳು ಚುಚ್ಚಿಸಿಕೊಂಡ ಪುಣ್ಯ ಅವನದು. ಟ್ಯೂಬು ಬಿಚ್ಚಿ ಪ್ಯಾಚು ಹಾಕುವ ತನಕ ಬೇವಿನ ನೆರಳಿನಲ್ಲಿ ಕೂತು ನಾನು ಎಕ್ಸೆಲ್‌ಗೆ ಬಿಮಲ್ ಮುಖರ್ಜಿಯ ಕಥೆ ಹೇಳಿದೆ. 1926ರಲ್ಲಿ ಕಲ್ಕತ್ತೆಯಿಂದ ಸೈಕಲ್ ಮೇಲೆ ಹೊರಟ ಬಂಗಾಳಿ. ಜಗತ್ತು ಸುತ್ತಿ 1937ರಲ್ಲಿ ಮನೆಗೆ ಬಂದ.

‘ಹನ್ನೊಂದು ವರ್ಷ?’ ಎಕ್ಸೆಲ್ ಬಾಯಿ ತೆರೆದ. ‘ಮನಿಯಾಗ ಬೈಲಿಲ್ಲೇನ್ರಿ ಸರ?’

‘ಗೊತ್ತಿಲ್ಲಪ.’

‘ಅಂವಂದು ಊರಾಗ ಮನಿ ಇತ್ತು ಬಿಡ್ರಿ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಮನಿ ಇದ್ದಂವ ಎಷ್ಟು ವರ್ಷ ಬೇಕಾದ್ರೂ ತಿರುಗಬಹುದು’ ಎಂದು ಸೇರಿಸಿದ. ಅಜ್ಜಿಯ ಮೊಮ್ಮಗ ಹೌದು.

ಧಾರವಾಡ, ಅಳ್ನಾವರ, ರಾಮನಗರ. ಎರೆ ಬಯಲು ಮುಗಿದು ಕಾಡು ಶುರುವಾದಾಗ ನಮ್ಮವರೆಲ್ಲ ಮಾತು ನಿಲ್ಲಿಸಿದರು. ಗಿಡಗಳನ್ನು ಅಷ್ಟು ಹತ್ತಿರ ಹತ್ತಿರ ಇಟ್ಟರೆ ಕಳೆ ಹೇಗೆ ತೆಗೆಯುತ್ತಾರೆಂದು ಸ್ಪ್ಲೆಂಡರ್ ಚಿಂತೆ. ರಸ್ತೆಯ ಬಗ್ಗೆ ಹಿಂದಿನ ಸೀಟಿನವನನ್ನು ಕೇಳಬಾರದು. ಬೆನ್ನುಹುರಿಯ ಒಂದೊಂದು ಮಣಿಗೂ ಪ್ರತ್ಯೇಕ ಅಸ್ತಿತ್ವ ಇದೆ ಎಂದು ಗೊತ್ತಾದದ್ದು ಅನಮೋಡಕ್ಕೆ ಮುಂಚಿನ ಆ ದಾರಿಯಲ್ಲಿ.

ಘಟ್ಟದ ಚೆಕ್‌ಪೋಸ್ಟಿನಲ್ಲಿ ಕಾಗದ ಕೇಳಿದರು. ಬುಲೆಟ್ ಫೋನಿನಲ್ಲಿ ತೋರಿಸಿದ. ಯಜ್ಡಿ ಜೇಬೆಲ್ಲ ತಡಕಿದ. ಎಕ್ಸೆಲ್ ಮಾತ್ರ ಡಬ್ಬದ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದಪ್ಪ ಫೈಲು ತೆಗೆದು ಮೇಜಿನ ಮೇಲಿಟ್ಟ. ಆರ್.ಸಿ., ಇನ್ಶೂರೆನ್ಸು, ಲೈಸೆನ್ಸು, ಹೊಗೆ ಪರೀಕ್ಷೆಯ ಚೀಟಿ. ಅದರ ಕೆಳಗೆ ಆಧಾರ್, ರೇಷನ್ ಕಾರ್ಡು, ವೋಟರ್ ಐಡಿ, ಶಾಲೆಯ ಟಿ.ಸಿ., ಪಹಣಿ, ಎಲ್ಲಕ್ಕಿಂತ ಕೆಳಗೆ ಅಜ್ಜನ ಗಡಿ ಚೀಟಿಯ ಜೆರಾಕ್ಸು, ಲ್ಯಾಮಿನೇಶನ್ ಮಾಡಿಸಿದ್ದು. ಕೂತಿದ್ದ ಮನುಷ್ಯ ಒಂದೊಂದೇ ತಿರುವಿ, ‘ಇದೆಲ್ಲ ಯಾಕಪ್ಪ, ಗಾಡಿದಷ್ಟೇ ಸಾಕು’ ಎಂದ. ‘ಇರ್ಲಿ ಸರ್, ನೋಡ್ರಿ’ ಎಂದ ಎಕ್ಸೆಲ್, ವಿನಯದಿಂದ. ಕ್ಯಾಂಪಿನಲ್ಲಿ ಎಲ್ಲರೂ ಹೀಗೆಯೇ. ಮನೆಗೆ ಬೆಂಕಿ ಬಿದ್ದರೆ ಮೊದಲು ಫೈಲು ಹೊರಗೆ ಬರುತ್ತದೆ, ಆಮೇಲೆ ಮಕ್ಕಳು. ಗಾಡಿ ಶೋರೂಮಿನಿಂದ ಇಳಿದ ತಿಂಗಳಲ್ಲಿ ಕೆ.ಎ. 36 ಎಂದು ನಂಬರು ಸಿಕ್ಕಿ ಅದು ರಾಯಚೂರು ಜಿಲ್ಲೆಯದಾಗುತ್ತದೆ. ಗಾಡಿ ಹೊಡೆಯುವವರಿಗೆ ಅಷ್ಟು ಸಲೀಸಿಲ್ಲ. 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಬಂದ ಮೇಲಷ್ಟೇ ಕ್ಯಾಂಪಿನ ಕೆಲವರ ಕೈಗೆ ಪ್ರಮಾಣಪತ್ರ ಮುಟ್ಟಿತು. ಅರ್ಧ ಶತಮಾನ ನೆಲ್ಲು ಬೆಳೆದವರು ಅವರು.

ಮರುದಿನ ಶುಕ್ರವಾರ. ಗೋವಾದ ಮಾಪುಸಾದಲ್ಲಿ ಶುಕ್ರವಾರದ ಸಂತೆ ಜೋರು. ರ‍್ಯಾಲಿಗೆ ಹೋಗುವ ದಾರಿಯಲ್ಲಿ ಐದು ನಿಮಿಷ ಎಂದು ಇಳಿದ ಎಕ್ಸೆಲ್ ಮಧ್ಯಾಹ್ನದ ತನಕ ಪತ್ತೆಯಿಲ್ಲ. ಹುಡುಕಿದರೆ ಮೀನಿನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೊಂಕಣಿ ಬಾಯಿಯೊಬ್ಬಳ ಜೊತೆ ಕೈಸನ್ನೆಯಲ್ಲೇ ಬಾಂಗಡೆಯ ದರ ಇಳಿಸುತ್ತಿದ್ದ. ಇಬ್ಬರೂ ಬೆವರಿದ್ದರು, ಇಬ್ಬರ ಮುಖದಲ್ಲೂ ಸಂತೋಷವಿತ್ತು. ನದಿ ಮೀನಿನ ಮನೆತನದವನು, ಉಪ್ಪುನೀರಿನ ಮೀನು ತಿನ್ನುವವನಲ್ಲ. ಸುಮ್ಮನೆ ವೃತ್ತಿಯ ಮೇಲಿನ ಗೌರವಕ್ಕೆ ಚೌಕಾಶಿ ಮಾಡಿದನಂತೆ.

ವಾಗಾತೋರಿನ ಗುಡ್ಡದ ಮೇಲೆ ಸದ್ದು ಒಂದು ಮೈಲಿಯಿಂದಲೇ ಕೇಳಿಸುತ್ತಿತ್ತು. ಒಳಗೆ ಹೋದರೆ ಗಾಡಿಯೋ ಗಾಡಿ. ಹಾರ್ಲೆ, ಟ್ರಯಂಫ್, ಹೆಸರು ಓದಲಾಗದ ಇನ್ನೆಷ್ಟೋ. ಒಂದೊಂದನ್ನೂ ಬಿಚ್ಚಿ ಮತ್ತೆ ಕಟ್ಟಿ, ಬಣ್ಣ ಹೊಡೆದು, ಕನ್ನಡಿ ಹೊಳೆಸಿ ನಿಲ್ಲಿಸಿದ್ದರು. ಗಾಡಿಯವರು ಚರ್ಮದ ಅಂಗಿ ತೊಟ್ಟು, ಅದರ ಮೇಲೆ ತಾವು ಹೋದ ಊರುಗಳ ಬಿಲ್ಲೆಗಳನ್ನು ಹೊಲಿಸಿಕೊಂಡಿದ್ದರು. ಗೋವಾದ ಸೆಕೆಯಲ್ಲಿ ಚರ್ಮ ತೊಡುವುದಕ್ಕೆ ಛಾತಿ ಬೇಕು. ಯಜ್ಡಿ ಎರಡು ಹಳೆ ಜಾವಾಗಳ ನಡುವೆ ಗಾಡಿ ನಿಲ್ಲಿಸಿದ್ದೇ ತಡ, ಹತ್ತು ಜನ ಬಂದು ಎಂಜಿನ್ನಿಗೆ ಕೈ ಮುಗಿಯುವುದೊಂದು ಬಾಕಿ. ‘ಕೊಡ್ತೀರಾ?’ ಎಂದು ಮೂರು ಜನ ಕೇಳಿದರು. ಅವನು ‘ಅಪ್ಪಂದು’ ಎಂದಷ್ಟೇ ಹೇಳಿದ.

ಎಕ್ಸೆಲ್ ತನ್ನ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಭಾರೀ ಹಾರ್ಲೆಯೊಂದರ ಪಕ್ಕ ನಿಲ್ಲಿಸಿ ಕಾಯುತ್ತ ನಿಂತಿದ್ದ. ಆ ಗಾಡಿಯವರ ಗುಂಪು ಬಂತು. ದೊಡ್ಡ ಶಹರದ ಹುಡುಗರು, ತೋಳ ತುಂಬ ಹಚ್ಚೆ. ಒಬ್ಬ ಎಕ್ಸೆಲ್ ಜೊತೆ ಫೋಟೊ ತೆಗೆಸಿಕೊಂಡ. ಇವನು ಅವನ ಗಾಡಿಯನ್ನು ಸುತ್ತುಹಾಕಿ, ‘ಇದರ ಮೇಲೆ ಎಷ್ಟು ಕೆ.ಜಿ. ಹಾಕಬಹುದು?’ ಎಂದು ಹಿಂದಿಯಲ್ಲಿ ವಿಚಾರಿಸಿದ. ಏನೂ ಹಾಕುವುದಿಲ್ಲ ಎಂದ ಮೇಲೆ ಪಾಪ ಎಂದುಕೊಂಡು ಸುಮ್ಮನಾದ. ಆಗ ಇನ್ನೊಬ್ಬ ಕೇಳಿದ: ಯಾವ ಕ್ಲಬ್ಬು?

‘ಆರ್.ಎಚ್. ಕ್ಯಾಂಪ್.’

‘ಆರ್.ಎಚ್. ಅಂದರೆ?’

ನಾನು ಶಾಲೆಯಲ್ಲಿ ಕಲಿಸಿದ್ದನ್ನು ಎಕ್ಸೆಲ್ ಮರೆತಿರಲಿಲ್ಲ. ಎದೆ ಸೆಟೆಸಿ ‘ರಿಹ್ಯಾಬಿಲಿಟೇಶನ್’ ಎಂದ.

ಗುಂಪಿಗೆ ಗುಂಪೇ ಚಪ್ಪಾಳೆ ತಟ್ಟಿ ನಕ್ಕಿತು. ಕುಡಿತ ಬಿಡಿಸುವ, ಗಾಂಜಾ ಬಿಡಿಸುವ ಕೇಂದ್ರಕ್ಕೂ ಅದೇ ಹೆಸರಲ್ಲವೆ? ಇಂಥ ಹೆಸರು ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಿಜವಾದ ಹೊಟ್ಟೆಕಿಚ್ಚು. ಸ್ಟಿಕ್ಕರ್ ಇದೆಯಾ ಎಂದು ಕೇಳಿದರು. ಹಚ್ಚೆಯ ಹುಡುಗ ಇವನ ಹೆಗಲ ಮೇಲೆ ಕೈ ಹಾಕಿ, ‘ಅಣ್ಣ, ನಾವೂ ರಿಹ್ಯಾಬಿನವರೇ’ ಎಂದ.

ಎಕ್ಸೆಲ್ ಮುಖ ಅರಳಿತು. ‘ಹೌದಾ? ಯಾವ ನಂಬರ್ ಕ್ಯಾಂಪು?’

ನಾನು ಪಕ್ಕದಲ್ಲೇ ಇದ್ದೆ. ಖುಲ್ನಾ, ಗಡಿ ಚೀಟಿ, ಮಾನಾ ಎಲ್ಲ ವಿವರಿಸಬಹುದಿತ್ತು. ಮೇಷ್ಟ್ರ ನಾಲಿಗೆ, ತುದಿಗೆ ಬಂದೂ ಇತ್ತು. ಹೇಳಲಿಲ್ಲ. ಆ ಹುಡುಗರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕ್ಯಾಂಪಿನ ಹೆಸರು ಕೇಳಿ ಹೊರಗಿನವರು ಹೊಟ್ಟೆಕಿಚ್ಚು ಪಟ್ಟದ್ದನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಅದನ್ನು ಯಾಕೆ ಕೆಡಿಸಬೇಕು?

ಸಂಜೆ ಹಾಡು, ಕುಣಿತ, ಬೆಂಕಿ, ಒಂದೇ ಗಾಲಿಯ ಮೇಲೆ ಓಡಿಸುವವರ ಆಟ. ಚೆನ್ನಾಗಿತ್ತು. ಅಲ್ಲಿಯ ಒಂದು ಚಹಾದ ಬೆಲೆಗೆ ಸಿಂಧನೂರಿನಲ್ಲಿ ಊಟ ಬರುತ್ತದೆ ಎಂಬುದನ್ನು ಬಿಟ್ಟರೆ ದೂರಿಲ್ಲ. ಬುಲೆಟ್ ಮಾತ್ರ ಗುಡ್ಡದ ತುದಿಯಲ್ಲಿ ಒಬ್ಬನೇ ಕೂತು ರಾತ್ರಿಯೆಲ್ಲ ಆಕಾಶ ನೋಡಿದ. ನೆಲದಡಿ ಕೆಲಸ ಮಾಡುವವರ ಮೋಜು ಬೇರೆ.

ಬರುವಾಗ ನಮ್ಮ ಊರಿನ ಬುದ್ಧಿ ವಾಪಸು ಬಂತು. ಸ್ಪ್ಲೆಂಡರ್ ಗೋಡಂಬಿ ಹೇರಿದ. ಧಾರವಾಡದಲ್ಲಿ ಎಲ್ಲರೂ ಪೇಡೆ ಹೇರಿದರು. ನನ್ನ ತೊಡೆಯ ಮೇಲೆಯೂ ಎರಡು ಗಂಟು ಕೂತವು. ಎಕ್ಸೆಲ್ ಮಾಪುಸಾದಲ್ಲಿ ಇನ್ನೊಮ್ಮೆ ಇಳಿದು ಡಬ್ಬದ ತುಂಬ ಒಣಮೀನು ತುಂಬಿಕೊಂಡ. ಹಾಸಿಗೆ ಬಟ್ಟೆಯೆಲ್ಲ ಬುಲೆಟ್ಟಿನ ಪಾಲಿಗೆ ಬಂತು. ಪೂರ್ವ ಬಂಗಾಳದವರಿಗೆ ಒಣಮೀನು, ಅವರ ಶುಟ್ಕಿ, ಎಂದರೆ ಪ್ರಾಣ. ಕ್ಯಾಂಪಿನಲ್ಲಿ ಅದು ಒಂದೇ ದಿನಕ್ಕೆ ಖರ್ಚಾಗಿ ಅವನ ಪೆಟ್ರೋಲು, ಟಿಕೀಟು, ಚಹಾ ಎಲ್ಲ ಹೊರಬಿದ್ದು ಮೇಲೆ ಲಾಭವೂ ಬಂತು. ಅಷ್ಟು ದೊಡ್ಡ ರ‍್ಯಾಲಿಯಿಂದ ಲಾಭ ಮಾಡಿಕೊಂಡು ಬಂದ ಸವಾರ ಇನ್ನೊಬ್ಬ ಇದ್ದರೆ ತೋರಿಸಿ. ಠಾಕುಮಾ ಶುಟ್ಕಿಯ ಪಾಲು ಕೈಗೆ ಬಂದ ಮೇಲೆ ನನ್ನನ್ನು ನೋಡಿ ನಕ್ಕರು: ‘ಮೀನು ತರಾಕ ಹೋಗಿದ್ರೇನು? ಮೊದಲ ಹೇಳಬಾರದ?’

ಅವರು ಈಗಿಲ್ಲ. ಯಜ್ಡಿಯ ರೋಡ್‌ಕಿಂಗ್ ಮಗಳ ಕಾಲೇಜು ಫೀಗೆ ಬೆಂಗಳೂರಿನವರ ಪಾಲಾಯಿತು. ಒಯ್ಯಲು ಬಂದವರಿಗೆ ಅವನು ಆಯಿಲ್ ಬೆರೆಸುವ ಲೆಕ್ಕವನ್ನು ಮೂರು ಸಲ ಹೇಳಿಕೊಟ್ಟ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ ಹತ್ತೊಂಬತ್ತನೆಯ ಗೇಟು ಚೈನು ಕಡಿದು ಕೊಚ್ಚಿಹೋದ ಮೇಲೆ ಆ ವರ್ಷ ಗೋವಾದ ಮಾತನ್ನು ಯಾರೂ ಎತ್ತಲಿಲ್ಲ. ಮುಂದೆ ಮಳೆ ಬಂದು ನೀರು ತುಂಬಿತೆನ್ನಿ. ಕ್ಯಾಂಪಿನ ಹುಡುಗರು ಬಹಳ ಮಂದಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು. ದುರ್ಗಾಪೂಜೆಗೆ ಬರುತ್ತಾರೆ, ಕಂತಿನ ಮೇಲೆ ತಂದ ಹೊಸ ಗಾಡಿಗಳನ್ನು ಪೆಂಡಾಲಿನ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ಅವುಗಳ ಮೇಲೆ ‘ಆರ್.ಎಚ್. ಕ್ಯಾಂಪ್’ ಎಂಬ ಸ್ಟಿಕ್ಕರ್ ಇರುತ್ತದೆ. ಮೊದಲನೆಯದನ್ನು ಮೀನಿನ ಡಬ್ಬದ ಮೇಲೆ ಅಂಟಿಸಿದವನು ಎಕ್ಸೆಲ್.

ಈ ಸಲ ಕಟಾವು ಬೇಗ ಮುಗಿದರೆ ಮತ್ತೆ ಹೊರಡುವ ಮಾತು ನಡೆದಿದೆ. ನನ್ನ ಬೆನ್ನುಹುರಿಯ ಮಣಿಗಳ ಬಗ್ಗೆ ಡಾಕ್ಟರು ಖಚಿತ ಅಭಿಪ್ರಾಯ ಹೇಳಿರುವುದರಿಂದ ಹಿಂದಿನ ಸೀಟೊಂದು ತೆರವಾಗಿದೆ. ಆಸಕ್ತಿ ಇದ್ದವರು ಸಿಂಧನೂರಿಗೆ ಬಂದು ಆರ್.ಎಚ್. ಕ್ಯಾಂಪಿನಲ್ಲಿ ಮೀನಿನ ಎಕ್ಸೆಲ್ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಹೆಲ್ಮೆಟ್ಟು ನಿಮ್ಮದು, ಊಟ ಅವರದು. ಬರುವಾಗ ತೊಡೆಯ ಮೇಲೆ ಗಂಟು ಇಟ್ಟುಕೊಳ್ಳಬೇಕಾಗುತ್ತದೆ. ಒಣಮೀನಿನ ವಾಸನೆಗೆ ತಕರಾರು ಇರುವವರಿಗೆ ಹುಬ್ಬಳ್ಳಿಯಿಂದ ಬಸ್ಸಿದೆ.